ಎಂಟು ಪೆಂಟೆಯ ಮನುಷ್ಯ

ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ, ಉಪ್ಪಿನ ಗಡಿಗೆಗೂ ಎಣ್ಣೆಯ ಗಿಂಡಿಗೂ ನಡುವೆ, ಒಂದು ಬೆಲ್ಲದ ಪೆಂಟೆ, ಅಂದರೆ ಅಚ್ಚಿನಲ್ಲಿ ಎರೆದ ದೊಡ್ಡ ಗಟ್ಟಿ, ಕುಳಿತಿದೆ. ಮುಂದಿನಿಂದ ನೋಡಿದರೆ ಅದು ಪೇಟೆಯ ಯಾವ ಪೆಂಟೆಗೂ ಕಡಿಮೆಯಿಲ್ಲದ ಗಂಭೀರ ಮುಖದ್ದು. ಹಣೆಯ ಮೇಲೆ ಒಂದು ಸುಣ್ಣದ ಬೊಟ್ಟು ಬೇರೆ. ಹಿಂದಕ್ಕೆ ತಿರುಗಿಸಿದಾಗ ಮಾತ್ರ ಅದರ ಗುಟ್ಟು ರಟ್ಟಾಗುತ್ತದೆ. ಬೆನ್ನಿನಲ್ಲೊಂದು ಗುಹೆಯಿದೆ, ಚಿಕ್ಕ ಕೂಸಿನ ಕೈ ಮೊಣಕೈವರೆಗೂ ಹೋಗುವಷ್ಟು ಆಳದ್ದು. ಬಂದ ನೆಂಟರು ಇಲಿ ಬಿದ್ದಿತ್ತೇನು ಎಂದು ಕೇಳಿದರೆ ನಾನು ಇಲ್ಲವೆಂದು ಹೇಳಿ ಮಳೆಬೆಳೆಯ ಕಡೆಗೆ ಮಾತು ಹೊರಳಿಸುತ್ತೇನೆ. ನಿಮ್ಮೆದುರು ಹಾಗೆ ಹೊರಳಿಸಲು ಮನಸ್ಸಿಲ್ಲ. ಆದರೆ ಬೆಲ್ಲದ ಕಥೆ ಹೇಳಬೇಕಾದರೆ ಮೊದಲು ಹೊಟ್ಟೆಯ ಕಥೆ ಹೇಳಬೇಕು.

ಹೊಟ್ಟೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಮೈಯಲ್ಲಿ ಏನಾದರೂ ಬೆಳೆದರೆ ಅದು ಕಾಲಿನ ನರ ಮತ್ತು ಭುಜದ ಎಲುಬು ಅಷ್ಟೇ. ಹಗಲೆಲ್ಲ ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು, ತುಳಿಯುತ್ತ, ಲಾಳಿ ಎಸೆಯುತ್ತ ಕೂಡುವವನಿಗೆ ಬೊಜ್ಜು ಬರಬೇಕಾದರೆ ಅದು ಅಪ್ಪಣೆ ಕೇಳಿಕೊಂಡೇ ಬರಬೇಕು. ಆದರೆ ನಾನು ಮುಲ್ಕಿ ಪರೀಕ್ಷೆ ಪಾಸಾದವನು. ನಾಲ್ಕಕ್ಷರ ಕಲಿತವನು ತಗ್ಗಿನಲ್ಲಿ ಕೂತಿರಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡು, ನೂಲಿನ ಅಂಗಡಿ ಇಟ್ಟು, ಗಾದಿಯ ಮೇಲೆ ಲೋಡಿಗೆ ಒರಗಿ ಕುಳಿತೆ. ಬಂದವರ ಜೊತೆ ಚುರಮುರಿ, ಹೋದವರ ನೆನಪಿಗೆ ಚಹಾ, ಮಧ್ಯಾಹ್ನಕ್ಕೆ ಬೆಣ್ಣೆ ಕರಗಿದ ಜೋಳದ ರೊಟ್ಟಿ, ಅದರ ಹಿಂದೆ ಗಟ್ಟಿ ಮೊಸರು, ಶೇಂಗಾದ ಹಿಂಡಿ, ಅಮಾವಾಸ್ಯೆಗೆ ಹೋಳಿಗೆ, ಹುಣ್ಣಿಮೆಗೆ ಮಾದಲಿ. ಇಪ್ಪತ್ತು ವರ್ಷಗಳ ಈ ನಿಷ್ಠೆಯ ಫಲವಾಗಿ ನನ್ನ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂಚೆ ಮನೆಯ ಹೊಸ್ತಿಲು ದಾಟತೊಡಗಿತು. ಪಡಸಾಲೆಯಲ್ಲಿದ್ದ ಅಜ್ಜನ ಮಗ್ಗ ಸುಮ್ಮನೆ ನಿಂತಿತ್ತು. ಅದರ ಕುಣಿಯಲ್ಲಿ ನಾವು ಉಳ್ಳಾಗಡ್ಡಿ ಹರವುತ್ತಿದ್ದೆವು.

ಆ ಬೇಸಿಗೆಯ ಕೊನೆಗೆ ಮುಧೋಳದಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ನಮ್ಮ ಒಬ್ಬಳೇ ಮಗಳು ನೀಲವ್ವನಿಗೆ ಮೂರು ತಿಂಗಳು. ನನ್ನ ಹೆಂಡತಿ ಗಂಗವ್ವ ಸಕ್ಕರೆ ಹಂಚಿದಳು. ನಾನೂ ಹಂಚುವವರ ಸಾಲಿನಲ್ಲೂ ತಿನ್ನುವವರ ಸಾಲಿನಲ್ಲೂ ನಿಂತೆ. ಸಂತೋಷ ಸ್ವಲ್ಪ ತಣ್ಣಗಾದ ಮೇಲೆ ಹೆಂಡತಿ ಕುಣಿಯೊಳಗಿನ ಉಳ್ಳಾಗಡ್ಡಿಯನ್ನು ಬುಟ್ಟಿಗೆ ತುಂಬತೊಡಗಿದಳು. ಆಗ ನನಗೆ ನೆನಪಾಯಿತು.

ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಮಗಳ ಮೊದಲ ಬಸಿರಿನ ಏಳನೆಯ ತಿಂಗಳಿಗೆ ಕುಬಸ ಮಾಡುವಾಗ ಉಡಿಸುವ ಹಸಿರು ಸೀರೆಯನ್ನು ಕೊಂಡು ತರುವಂತಿಲ್ಲ, ಕೂಲಿ ಕೊಟ್ಟು ನೇಯಿಸುವಂತಿಲ್ಲ. ಹೆತ್ತ ತಂದೆ ಮನೆಯ ಮಗ್ಗದಲ್ಲಿ ಕುಳಿತು ತನ್ನ ಕೈಯಾರೆ ನೇಯಬೇಕು. ನನ್ನ ಅಕ್ಕನಿಗೆ ನನ್ನ ಅಪ್ಪ ನೇಯ್ದ, ಅತ್ತೆಗೆ ಅಜ್ಜ ನೇಯ್ದ. ಆ ಸೀರೆ ಉಟ್ಟವರ ಹೆರಿಗೆ ಹಗುರ ಎಂಬ ನಂಬಿಕೆ. ನಂಬಿಕೆಯ ಮಾತು ಹಾಗಿರಲಿ, ನೀಲವ್ವ ಐದು ವರ್ಷದವಳಿದ್ದಾಗಲೇ ಅತ್ತೆಯ ಪೆಟ್ಟಿಗೆಯಿಂದ ಆ ಹಳೆಯ ಸೀರೆ ತೆಗೆದು ಮೈತುಂಬ ಸುತ್ತಿಕೊಂಡು, "ಯಪ್ಪಾ, ನನಗೂ ನೀನ ನೇದ ಕೊಡಬೇಕ" ಎಂದು ಮಾತು ತೆಗೆದುಕೊಂಡಿದ್ದಳು. ಕೊಟ್ಟ ಮಾತಿಗೆ ಈಗ ನಾಲ್ಕು ತಿಂಗಳ ಗಡುವು ಬಿದ್ದಿತ್ತು.

ಅದರಲ್ಲೇನು ಮಹಾ ಎಂದುಕೊಂಡು ನಾನು ಅಂದೇ ಧೋತರ ಎತ್ತಿ ಕಟ್ಟಿ ಕುಣಿಗೆ ಇಳಿದೆ. ಇಳಿದದ್ದು ಕಾಲು ಮಾತ್ರ. ಸೊಂಟ ಕುಣಿಯ ಅಂಚಿಗೆ ಬಂದಾಗ ಹೊಟ್ಟೆಯು ನೇಯ್ದ ಬಟ್ಟೆ ಸುತ್ತುವ ಅಡ್ಡಮರಕ್ಕೆ ಎದುರಾಯಿತು, ಎರಡೂ ಒಂದಕ್ಕೊಂದು ದಾರಿ ಬಿಡಲು ಒಪ್ಪಲಿಲ್ಲ. ಉಸಿರು ಬಿಗಿಹಿಡಿದು ನುಗ್ಗಿದೆ. ನುಗ್ಗಿದ್ದು ಆಯಿತು, ಹೊರಬರುವುದು ಆಗಲಿಲ್ಲ. ಹೆಂಡತಿ ಬೆನ್ನಿಗೆ ಕೈ ಕೊಟ್ಟು, ನೆರೆಮನೆಯ ಇಬ್ಬರು ಒಂದೊಂದು ತೋಳು ಹಿಡಿದು, ಹುದುಲಿನಲ್ಲಿ ಸಿಕ್ಕ ಎತ್ತನ್ನು ಎಳೆಯುವಂತೆ ನನ್ನನ್ನು ಎಳೆದು ಹಾಕಿದರು. ಕುಣಿಯನ್ನೇ ಅಗಲ ಮಾಡಿದರಾಯಿತು ಎಂದು ನೀವು ಹೇಳಬಹುದು, ನೆರೆಯವರೂ ಹೇಳಿದರು. ಹಿಂದೆ ಸರಿದು ಕೂತರೆ ಕೈ ಲಾಳಿಗೆ ಮುಟ್ಟುವುದಿಲ್ಲ. ಹೊಟ್ಟೆ ಬೆಳೆದಷ್ಟು ತೋಳನ್ನೂ ಬೆಳೆಸುವ ಔದಾರ್ಯ ದೇವರಿಗಿಲ್ಲ.

"ಮಗ್ಗಾ ಸಣ್ಣದಾಗಿಲ್ಲರಿ" ಎಂದಳು ಗಂಗವ್ವ, ನನ್ನ ಬೆನ್ನಿನ ಮಣ್ಣು ಒರೆಸುತ್ತ.

ಮರುವಾರವೇ ನಾನು ಮಹಾಲಿಂಗಪುರಕ್ಕೆ ಹೋದೆ. ಅಲ್ಲಿ ಬೆಲ್ಲದ ಪೇಟೆಯಲ್ಲಿ ನನ್ನ ಗೆಳೆಯ ಪಾರಿಸಪ್ಪನ ಅಡತಿ ಅಂಗಡಿ. ತೇರದಾಳದ ಜೈನರ ಮನೆಯ ಮಗ, ಒಣಗಿದ ಬಾರಕೋಲಿನಂಥ ಆಳು. ನಾವಿಬ್ಬರೂ ಸಾಲಿಯಲ್ಲಿ ಒಂದೇ ಪಾಟಿಯ ಮೇಲೆ ಬರೆದವರು. ನನ್ನ ಕಷ್ಟ ಕೇಳಿ ಅವನು ನಗಲಿಲ್ಲ. ನಗದೆ ಇರುವುದಕ್ಕೆ ಬಹಳ ಶ್ರಮಪಟ್ಟ.

"ನೋಡಪಾ ಮಲ್ಲಪ್ಪ" ಎಂದ, "ನಮ್ಮಾಂಗ ಹೊತ್ತು ಮುಳುಗೂದ್ರಾಗ ಉಂಡು ಕೈ ತೊಳಕೊ. ದೀಪಾ ಹಚ್ಚಿದ ಮ್ಯಾಲ ಬಾಯಾಗ ಏನೂ ಹಾಕಬ್ಯಾಡ. ವಾರಕ್ಕೊಮ್ಮಿ ಇಲ್ಲಿಗಿ ನಡಕೊಂತ ಬಾ, ನಡಕೊಂತ ಹೋಗು. ಬಂದಾಗ ತೂಗೂಣು."

ತೂಗಬೇಕು ಸರಿ, ಯಾವುದರಿಂದ? ಇಲ್ಲಿ ನಮ್ಮ ಸೀಮೆಯ ಒಂದು ಸೊಗಸನ್ನು ನಿಮಗೆ ಹೇಳಲೇಬೇಕು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಕೂಗಿದರೆ ಓ ಎನ್ನುವಷ್ಟು ಹತ್ತಿರದ ರಬಕವಿ ಸಾಂಗಲಿಯವರದು, ಮಹಾಲಿಂಗಪುರ ಮುಧೋಳದವರದು. ಅರ್ಧ ದಿನದ ನಡಿಗೆಯಲ್ಲಿ ಮೂವರು ಅರಸರ ನೆಲ ತುಳಿಯುವ ಭಾಗ್ಯ ನಮ್ಮದು, ಮತ್ತು ಒಬ್ಬರ ಸೇರನ್ನು ಇನ್ನೊಬ್ಬರ ಪೇಟೆ ನಂಬಿದ್ದನ್ನು ನಾನಂತೂ ಕಂಡಿಲ್ಲ. ಊರಲ್ಲಿ ಇಳಿದ ತೂಕ ಗಡಿ ದಾಟಿದರೆ ಏರಿಬಿಟ್ಟರೆ ಹೇಗೆ? ತೂಕದ ಕಲ್ಲುಗಳ ತಂಟೆಯೇ ಬೇಡ ಎಂದು ನಾನು ಬೆಲ್ಲವನ್ನು ಆರಿಸಿಕೊಂಡೆ. ಒಂದೇ ಅಚ್ಚಿನಲ್ಲಿ ಇಳಿದ ಪೆಂಟೆಗಳು, ಯಾವ ಅರಸನ ಅಧೀನದಲ್ಲೂ ಇಲ್ಲದವು. ಅಟ್ಟದ ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿಯ ಒಂದು ಪರಡಿಯಲ್ಲಿ ನಾನು ಮೊಣಕಾಲು ಮಡಚಿ ಕುಳಿತೆ, ಇನ್ನೊಂದು ಪರಡಿಗೆ ಹಮಾಲನು ಪೆಂಟೆ ಪೇರಿಸಿದ. ಒಂಬತ್ತಕ್ಕೆ ತಕ್ಕಡಿ ಸಮವಾಯಿತು. ಆ ಒಂಬತ್ತಕ್ಕೂ ಸುಣ್ಣದ ಬೊಟ್ಟಿಟ್ಟು, ಮಾರಕೂಡದೆಂದು ಹೇಳಿ, ಅಂಗಡಿಯ ಗೋಡೆಗೆ ಒತ್ತಿ ಇಡಿಸಿದೆ. ಎರಡು ಪೆಂಟೆಯಷ್ಟು ನನ್ನನ್ನು ಕೆತ್ತಿ ತೆಗೆದರೆ ಕುಣಿಯಲ್ಲಿ ಕೂಡಬಹುದು ಎಂದು ಕಣ್ಣಳತೆಯಲ್ಲೇ ಅಂದಾಜು ಕಟ್ಟಿ, ಏಳಕ್ಕೆ ಇಳಿಯುವ ತನಕ ಮಗ್ಗ ಮುಟ್ಟುವುದಿಲ್ಲವೆಂದು ಶಪಥ ಮಾಡಿದೆ. ಜಾಣರು ಇಂಥ ಶಪಥಗಳನ್ನು ಮನಸ್ಸಿನಲ್ಲಿ ಮಾಡುತ್ತಾರೆ. ನಾನು ಪೇಟೆಯಲ್ಲಿ ನಿಂತು ಮಾಡಿದೆ.

ಆಮೇಲಿನ ಏಳು ವಾರಗಳನ್ನು ನೆನೆದರೆ ಈಗಲೂ ಕಾಲು ಕುಣಿಯುತ್ತದೆ. ಹೊಲದವರು ಮನೆಗೆ ತಿರುಗುವ ಮೊದಲೇ ನಾನು ಉಂಡು ಕೈ ತೊಳೆದಿರುತ್ತಿದ್ದೆ. ಸಂತೆಯ ದಿನ ಎರಡು ಹರದಾರಿ ನಡೆಯುತ್ತ, ಗಡಿಯ ಜಕಾತಿ ಕಟ್ಟೆಯ ಕಾರಕೂನ ಪ್ರತಿ ಸಲವೂ ನನ್ನ ಹೊಟ್ಟೆಯನ್ನೇ ನೋಡಿ "ಏನ ಮಾಲರಿ ಇದು?" ಎಂದು ಕೇಳಿದರೆ "ಸ್ವಂತ ಬಳಕಿದ್ದರಿ" ಎಂದು ಹೇಳಿ ದಾಟುತ್ತಿದ್ದೆ. ಬೆವರು ಹರಿಯಿತು, ಅಂಗಿ ಸಡಿಲಾಯಿತು, ಕೂತಲ್ಲಿಂದ ಏಳುವಾಗ "ಶಿವಾ" ಎನ್ನುವುದು ತಪ್ಪಿತು. ಏಳನೆಯ ವಾರ ಹಮಾಲನು ಒಂಬತ್ತನೆಯ ಪೆಂಟೆಯನ್ನು ಇಳಿಸಿ ಕೆಳಗಿಟ್ಟಾಗ ಎಂಟೇ ನನ್ನನ್ನು ಎತ್ತಿ ಹಿಡಿದವು. ನಾನು ಪರಡಿಯಲ್ಲೇ ಕುಳಿತು ಎರಡು ಸಲ ತೂಗಾಡಿದೆ, ಸರಪಳಿ ಕಿರುಗುಟ್ಟಿತು, ಪಾರಿಸಪ್ಪ ತೊಲೆಯ ಬಗ್ಗೆ ಚಿಂತೆ ಮಾಡಿದ. ಕಳೆದುಕೊಂಡ ಆ ಪೆಂಟೆಯನ್ನು ಹೆಮ್ಮೆಯಿಂದ ಹೆಗಲ ಮೇಲೆ ಹೊತ್ತು ಮನೆಗೆ ತಂದೆ. ದಾರಿಯುದ್ದಕ್ಕೂ, ಇಷ್ಟು ಭಾರವನ್ನು ಇಷ್ಟು ವರ್ಷ ಒಳಗೆ ಹೊತ್ತು ತಿರುಗಿದೆನಲ್ಲ ಎಂದು ನನ್ನ ಮೇಲೆ ನನಗೇ ಕನಿಕರ ಬಂತು.

"ಇಳಸಿದ್ದನ್ನ ಮತ್ತ ಹೊಟ್ಟ್ಯಾಗ ಹಾಕ್ಕೊಬ್ಯಾಡ್ರಿ" ಎಂದು ಗಂಗವ್ವ ಅದನ್ನು ಅಟ್ಟದ ಮೇಲೆ ಇಟ್ಟಳು.

ಮುಂದೆ ಏನಾಯಿತೆಂದರೆ, ಏನೂ ಆಗಲಿಲ್ಲ. ಎಂಟನೆಯ ವಾರ ಎಂಟು ಪೆಂಟೆ. ಒಂಬತ್ತನೆಯ ವಾರವೂ ಎಂಟು. ನಾನು ರಾತ್ರಿ ಬಿಟ್ಟವನು ಮಧ್ಯಾಹ್ನದ ಮೊಸರನ್ನೂ ಬಿಟ್ಟೆ, ಎಂಟು. ರೊಟ್ಟಿ ಮೂರಿದ್ದದ್ದು ಎರಡಾಯಿತು, ಎಂಟು. ಶ್ರಾವಣ ಬಂತು, ಸೋಮವಾರದ ಒಪ್ಪೊತ್ತಿನ ಜೊತೆಗೆ ಗುರುವಾರವನ್ನೂ ಸೇರಿಸಿದೆ, ಬಾವಿಯಿಂದ ಓಣಿಯವರೆಲ್ಲರ ನೀರು ಸೇದಿದೆ. ಆದರೂ ತಕ್ಕಡಿಯ ಮುಳ್ಳು ನನ್ನನ್ನು ಗುರುತು ಸಿಗದವನಂತೆ ನೋಡಿ ನಟ್ಟನಡುವೆ ನಿಂತಿತು. ಇಳಿಯದೆ ಇರುವುದು ಏರುವುದಕ್ಕಿಂತ ಕಷ್ಟದ್ದು ಎಂದು ನನಗೆ ಆಗ ತಿಳಿಯಿತು. ಏರುವವನಿಗೆ ಉಂಡ ಸುಖವಾದರೂ ಇರುತ್ತದೆ. ಉಪವಾಸವಿದ್ದು ಅಲ್ಲೇ ನಿಂತವನಿಗೆ ಎರಡೂ ಇಲ್ಲ. ಅತ್ತ ಮುಧೋಳದಲ್ಲಿ ಮಗಳ ಹೊಟ್ಟೆ ವಾರವಾರಕ್ಕೆ ನೇಮ ತಪ್ಪದೆ ಬೆಳೆಯುತ್ತಿತ್ತು. ಅವಳದು ಏರಲಿಕ್ಕಿರುವ ಹೊಟ್ಟೆ, ನನ್ನದು ಇಳಿಯಲಿಕ್ಕಿರುವ ಹೊಟ್ಟೆ. ಅಪ್ಪ ಮಗಳಲ್ಲಿ ಮಾತು ಉಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಸೀರೆ ಇಲ್ಲದೆ ಆ ದಿನ ಅವಳ ಮುಖ ಹೇಗೆ ನೋಡಲಿ ಎಂಬ ಯೋಚನೆ ಬಂದಾಗ ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ಮತ್ತು ಅಳು ಬಂದಾಗ ಮನುಷ್ಯ ಏನು ಮಾಡುತ್ತಾನೆ? ತೂಕ ಮುಗಿದ ಮೇಲೆ ನಾನು ಅಂಗಡಿಯ ಹಿಂದಿನ ಗೋಡೆಯ ನೆರಳಲ್ಲಿ, ಬೊಟ್ಟಿಟ್ಟ ಪೆಂಟೆಗಳ ಪಕ್ಕದಲ್ಲೇ ಕುಸಿದು ಕೂಡುತ್ತಿದ್ದೆ. ಕೈ ತಾನಾಗಿ ಹಿಂದೆ ಹೋಗಿ ಒಂದು ಚೂರು ಮುರಿಯುತ್ತಿತ್ತು. ಒಂದು ವಾರದ ವ್ರತಕ್ಕೆ ಅಷ್ಟೂ ಸಮಾಧಾನ ಬೇಡವೇ ಎಂದು ನಾಲಿಗೆ ವಾದಿಸುತ್ತಿತ್ತು. ಪಾರಿಸಪ್ಪನ ಕಣ್ಣಿಗೆ ಬೀಳಬಾರದೆಂದು ಗೋಡೆಯ ಮಗ್ಗುಲಿನಿಂದಲೇ ಮುರಿಯುತ್ತಿದ್ದೆ.

ಈ ನಡುವೆ ಇನ್ನೊಂದು ತೊಂದರೆ. ನನ್ನ ಉಡುದಾರ ಸಡಿಲಾಗಿ ಜಾರತೊಡಗಿತು. ಬಿಗಿದು ಗಂಟು ಹಾಕಿದೆ; ಹತ್ತು ದಿನಕ್ಕೆ ಮತ್ತೆ ಜಾರಿತು. ನೂಲಿನ ವ್ಯಾಪಾರಿ ನಾನು, ಇಂಥ ಲಕ್ಷಣ ನನಗೆ ತಿಳಿಯದೇ? ಹುರಿ ಸರಿಯಿಲ್ಲದ ನೂಲು, ಎಳೆತಕ್ಕೆ ಉದ್ದವಾಗಿದೆ ಎಂದು ತೀರ್ಮಾನಿಸಿ ಹೊಸ ಉಡುದಾರ ಕಟ್ಟಿಕೊಂಡೆ. ಅದೂ ಜಾರಿದಾಗ ನೂಲು ಕಳಿಸಿದವನಿಗೆ ಖಾರವಾಗಿ ಒಂದು ಕಾಗದ ಬರೆಯಲು ಕುಳಿತೆ.

"ನೂಲಿಂದೇನ ತಪ್ಪರಿ" ಎಂದಳು ಗಂಗವ್ವ. "ಒಮ್ಮಿ ಕುಣ್ಯಾಗ ಇಳದ ನೋಡ್ರಿ."

"ತಕ್ಕಡಿ ಎಂಟು ಅಂತೈತಿ. ತಕ್ಕಡಿಗಿಂತ ನೀ ಶಾಣ್ಯಾಕಿ ಏನ?" ಎಂದೆ ನಾನು, ಶಪಥ ಮಾಡಿದವನ ಬಿಗುಮಾನದಿಂದ. ಅವಳು ರಾಟೆಯ ಮುಂದೆ ಹೋಗಿ ಕುಳಿತು ಲಾಳಿಗೆ ಹಾಕುವ ಹಸಿರು ನೂಲಿನ ಕಂಡಿಕೆ ಸುತ್ತತೊಡಗಿದಳು. ಆರು ವಾರ ಅವಳು ಹಾಗೆಯೇ ಸುತ್ತುತ್ತಿದ್ದಳು, ಓಣಿಯ ಹೆಣ್ಣುಮಕ್ಕಳನ್ನು ಕರೆದು ಹಾಸು ಹಚ್ಚಿಸಿದಳು, ಎಳೆ ಎಳೆ ಕೂಡಿಸಿ ಮಗ್ಗಕ್ಕೆ ಏರಿಸಿದಳು. ಕೂಡುವವನೇ ಇಲ್ಲದ ಮಗ್ಗಕ್ಕೆ ಇದೇನು ಸಡಗರ ಎಂದು ನಾನು ಮನಸ್ಸಿನಲ್ಲಿ ಬೈದುಕೊಂಡೆ.

ಹದಿಮೂರನೆಯ ವಾರ ಮಗಳನ್ನು ತವರಿಗೆ ಕರೆತರುವ ದಿನ ಬಂತು. ಮುಧೋಳದಿಂದ ಬರುವ ಗಾಡಿ ಮಹಾಲಿಂಗಪುರವನ್ನು ಹಾದೇ ಬರಬೇಕು. ಆವತ್ತು ಸಂತೆಯೂ ಇತ್ತು. ಗಂಗವ್ವ ನಾನು ಇಬ್ಬರೂ ಪಾರಿಸಪ್ಪನ ಅಂಗಡಿಯಲ್ಲಿ ಕಾದೆವು. ನಾನು ತೂಗಿಸಿಕೊಂಡು, ಮತ್ತದೇ ಎಂಟು ಎನಿಸಿಕೊಂಡು, ಜೋಲುಮುಖ ಹಾಕಿ ಕೂತಿದ್ದೆ. ಗಾಡಿಯಿಂದಿಳಿದ ನೀಲವ್ವ ನನ್ನನ್ನು ಒಂದು ಕ್ಷಣ ಗುರುತಿಸಲಿಲ್ಲ. ಅದನ್ನು ಅಪಶಕುನವೆಂದು ತಿಳಿದೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಅವಳಿಗೆ ಬಯಕೆ. ಬೆಲ್ಲದ ವಾಸನೆಗೆ ಕಣ್ಣರಳಿಸಿ, ನೇರವಾಗಿ ಗೋಡೆಯ ಹತ್ತಿರ ಹೋಗಿ, ನನ್ನ ಬೊಟ್ಟಿನ ಪೆಂಟೆಯೊಂದನ್ನು ತನ್ನ ಕಡೆಗೆ ಹೊರಳಿಸಿದಳು. ಆಮೇಲೆ ಇನ್ನೊಂದನ್ನು. ಮೂರನೆಯದರೊಳಗೆ ಕೈಯನ್ನೇ ಇಟ್ಟಳು.

"ಯಪ್ಪಾ, ಇವು ಎಲ್ಲಾ ಟೊಳ್ಳ ಅದಾವಲ್ಲ."

ಪಾರಿಸಪ್ಪ ಮೇಲಿನ ತೊಲೆ ನೋಡಿದ, ಹಮಾಲ ಬೀದಿ ನೋಡಿದ, ನಾನು ನನ್ನ ಕಾಲಬೆರಳು ನೋಡಿದೆ. ಅವು ನನಗೆ ಕಾಣುತ್ತಿದ್ದವು ಎಂಬುದು ಆಗಲೂ ಲಕ್ಷ್ಯಕ್ಕೆ ಬರಲಿಲ್ಲ.

"ನಾ ದಿನಾ ಒಂದ ಹಳಕ ಅಷ್ಟ ತಗೊಂತಿದ್ನಿ" ಎಂದು ಪಾರಿಸಪ್ಪನೇ ಮೊದಲು ಬಾಯಿಬಿಟ್ಟ. "ಮತ್ತ ರುಚಿ ನೋಡಾಕ ಬಂದಾವರಿಗಿ ಇದರಾಗಿಂದ ಮುರದ ಕೊಡತಿದ್ನಿ. ಮಾರೂ ಮಾಲ ಯಾಕ ಒಡೀಬೇಕು? ಇದು ಹೆಂಗೂ ಮಾರೂದಲ್ಲಲಾ."

ಮುರಿದು ಬಾಯಿಗೆ ಹಾಕದೆ ಬೆಲ್ಲದ ಪೇಟೆಯಲ್ಲಿ ಮಾತೇ ಶುರುವಾಗುವುದಿಲ್ಲ. ಮಾರಾಟಕ್ಕಲ್ಲದ ಬೆಲ್ಲವೆಂದ ಮೇಲೆ ಪೇಟೆಗೆ ಬಂದ ಊರೂರ ಜನರೆಲ್ಲ ಆರು ವಾರ ನನ್ನ ಪೆಂಟೆಗಳನ್ನೇ ಮುರಿದು ಚಪ್ಪರಿಸಿದ್ದರು. ಮಳೆಗಾಲದ ತೇವಕ್ಕೆ ಒಸರಿದ್ದನ್ನು ಇರುವೆಗಳು ಒಯ್ದಿದ್ದವು. ಉಳಿದ ಪಾಲು ಯಾರದೆಂದು ನಿಮಗೆ ಗೊತ್ತೇ ಇದೆ. ಪ್ರತಿಯೊಬ್ಬನೂ ತನ್ನದೊಂದು ಚೂರು ಯಾವ ಲೆಕ್ಕ ಎಂದುಕೊಂಡಿದ್ದ. ನಾನು ಕರಗಿದಷ್ಟೇ ನಿಷ್ಠೆಯಿಂದ ಬೆಲ್ಲವೂ ಕರಗುತ್ತ ಬಂದಿತ್ತು. ಸೇರಿನ ಮೇಲೆ ಸಂಶಯಪಟ್ಟೆ, ನೂಲಿನ ಮೇಲೆ ಸಂಶಯಪಟ್ಟೆ, ನನ್ನ ಮೇಲಂತೂ ಹಗಲಿರುಳು ಸಂಶಯಪಟ್ಟೆ; ನಾನೇ ಕೈಹಾಕಿ ತಿನ್ನುತ್ತಿದ್ದ ಬೆಲ್ಲದ ಮೇಲೆ ಮಾತ್ರ ನನಗೆ ಅಚಲವಾದ ಭಕ್ತಿ.

ನೀಲವ್ವ ಹೊಸ ಪೆಂಟೆಗಳನ್ನು ಹೊರಿಸಿ ತರಿಸಿದಳು. ನಾನು ಪರಡಿ ಹತ್ತಿದೆ. ಐದು ಇಟ್ಟರು, ಆರು ಇಟ್ಟರು. ಏಳನೆಯದನ್ನು ಹಮಾಲ ಪರಡಿಯ ಅಂಚಿಗೆ ತಾಗಿಸಿದನೋ ಇಲ್ಲವೋ, ನಾನು ಮೇಲಕ್ಕೆ ಹೊರಟೆ. ಎಷ್ಟು ಮೇಲೆ ಎಂದರೆ ಅಟ್ಟದ ಜೇಡರ ಬಲೆ ಮೂಗಿಗೆ ಬಂತು. ಅಲ್ಲಿಂದ ಕೆಳಗೆ ನೋಡಿದರೆ ಹೆಂಡತಿ, ಮಗಳು, ಗೆಳೆಯ, ಹಮಾಲ, ಬೆಲ್ಲ ಕೊಳ್ಳಲು ಬಂದ ಅಪರಿಚಿತರು ಎಲ್ಲರೂ ಬಾಯಿ ತೆರೆದು ನಗುತ್ತಿದ್ದರು. ನಲವತ್ತೈದು ವರ್ಷದ ನಾನು ಸರಪಳಿ ಹಿಡಿದು ಕಾಲು ಬಡಿಯುತ್ತ ನಗುತ್ತಿದ್ದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಹಗುರಾಗಿದ್ದುದು ಅದೊಂದೇ ಸಲ.

"ಇನ್ನ ಮೂರ ವಾರ ಉಳದಾವರಿ" ಎಂದು ಗಂಗವ್ವ ಕೆಳಗಿನಿಂದ ಹೇಳಿದಳು. ಅವಳು ಮಾತ್ರ ನಗು ನಿಲ್ಲಿಸಿದ್ದಳು.

ಮರುದಿನ ಬೆಳಗಾಗುತ್ತಲೇ ಕುಣಿಗೆ ಇಳಿದೆ. ಕಾಲು, ಸೊಂಟ, ಹೊಟ್ಟೆ ಎಲ್ಲವೂ ಒಂದರ ಹಿಂದೊಂದು ಇಳಿದವು. ಅಡ್ಡಮರಕ್ಕೆ ಹೊಟ್ಟೆ ತಾಗುತ್ತಿತ್ತು ನಿಜ, ತಾಗಿಕೊಂಡೇ ತಳ್ಳಿದೆ. ಇಪ್ಪತ್ತು ವರ್ಷ ಲಾಳಿ ಹಿಡಿಯದ ಕೈ ಮೊದಲ ದಿನ ಒಂದು ಗೇಣು ನೇಯ್ದಿತು, ಅದರಲ್ಲಿ ಅರ್ಧ ಬಿಚ್ಚಿತು. ಒಳ್ಳೆಯ ನೇಕಾರ ವಾರದೊಳಗೆ ಇಳಿಸುವ ಸೀರೆ. ನನಗೆ ಮೂರು ವಾರ ಸಾಲುವುದೋ ಇಲ್ಲವೋ ಎಂದು ಎಳೆ ಹರಿದಾಗಲೆಲ್ಲ ದಿನ ಎಣಿಸುತ್ತಿದ್ದೆ. ನೀಲವ್ವ ಗೋಡೆಗೊರಗಿ ಕುಳಿತು, ಹರಿದ ಎಳೆ ಎಲ್ಲಿದೆಯೆಂದು ಬೆರಳು ಮಾಡಿ ತೋರಿಸುತ್ತಿದ್ದಳು; ಗಂಗವ್ವ ಕಂಡಿಕೆ ಕೊಡುತ್ತಿದ್ದಳು. ತುಳಿದು ತುಳಿದು, ಎಸೆದು ಎಸೆದು, ಎರಡನೆಯ ವಾರಕ್ಕೆ ಕೈಗೆ ಹಳೆಯ ಬುದ್ಧಿ ಬಂತು. ಹೊಟ್ಟೆ ಯಾವಾಗ ಮರಕ್ಕೆ ತಾಗುವುದನ್ನು ಬಿಟ್ಟಿತೋ ನನಗೆ ತಿಳಿಯಲಿಲ್ಲ. ವಾರದ ತೂಕ ಮರೆತೇಹೋಗಿತ್ತು. ಕುಬಸದ ಹಿಂದಿನ ದಿನ, ದನ ಮನೆಗೆ ಬರುವ ಹೊತ್ತಿಗೆ, ಸೆರಗಿನ ಕೊನೆಯ ಎಳೆ ಬಡಿದು ಸೀರೆ ಇಳಿಸಿದೆ.

ಮರುದಿನ ಮುತ್ತೈದೆಯರು ಸೀರೆಯನ್ನು ಬೆಳಕಿಗೆ ಹಿಡಿದು ಬಿಚ್ಚುತ್ತಿದ್ದಾಗ ಒಬ್ಬಾಕೆ ಗುರುತಿಸಿದಳು. ಒಳಗಿನ ತುದಿಯ ಮೊದಲ ಎರಡು ಮೊಳದಲ್ಲಿ, ಬಟ್ಟೆಯ ನಟ್ಟನಡುವೆ, ಹಸಿರು ಕೊಂಚ ಮಾಸಿ ಹೊಳಪು ಹೊಡೆದಿತ್ತು. ಹೊಟ್ಟೆ ಉಜ್ಜಿದ ಗುರುತು. ಅಂಗೈಯಗಲ ಶುರುವಾದದ್ದು ಹೋಗಹೋಗುತ್ತ ನಾಲ್ಕು ಬೆರಳಾಗಿ, ಎರಡು ಬೆರಳಾಗಿ, ಎರಡನೆಯ ಮೊಳ ಮುಗಿಯುವಲ್ಲಿ ಇಲ್ಲವಾಗಿತ್ತು. ಆರು ವಾರ ತಕ್ಕಡಿ ಹೇಳದ ಸತ್ಯವನ್ನು ಸೀರೆ ದಿನದಿನಕ್ಕೂ ಬರೆದಿಟ್ಟಿತ್ತು. ನಾನು ನಾಚಿ ಕಂಬದ ಮರೆಗೆ ಸರಿದೆ.

ನೀಲವ್ವ ಆ ಮಾಸಿದ ದಾರಿಯ ಮೇಲೆ ಮೆಲ್ಲಗೆ ಕೈಯಾಡಿಸಿ, ಅದು ಮುಗಿಯುವ ಜಾಗದಲ್ಲಿ ಬೆರಳಿಟ್ಟು ನಿಲ್ಲಿಸಿದಳು. "ಈ ತುದಿ ಒಳಗ ಇರಲಿ" ಎಂದು ಉಡಿಸುವವರಿಗೆ ಹೇಳಿದಳು. "ಕೂಸಿಗಿ ತಾಗಿರಲಿ." ಅಜ್ಜನ ಹೊಟ್ಟೆ ಉಜ್ಜಿದ ಆ ಎರಡು ಮೊಳವನ್ನು ಅವರು ಅವಳ ತುಂಬಿದ ಹೊಟ್ಟೆಗೆ ಮೊದಲ ಸುತ್ತಾಗಿ ಸುತ್ತಿದರು. ನನಗೆ ಕಣ್ಣು ತುಂಬಿತು, ಮತ್ತು ಅದೇ ಹೊತ್ತಿಗೆ ನಗುವೂ ಬಂತು. ಎರಡನ್ನೂ ತಡೆಯುವ ಗೋಜಿಗೆ ಹೋಗಲಿಲ್ಲ.

ಈಗ ಬಿಡುವಾದಾಗಲೆಲ್ಲ ಮಗ್ಗದಲ್ಲಿ ಕೂಡುತ್ತೇನೆ. ಸಂಸ್ಥಾನಗಳೆಲ್ಲ ಒಂದಾಗಿಹೋಗುತ್ತವೆಂದು ಕಟ್ಟೆಯ ಮೇಲೆ ಮಾತು ನಡೆದಿದೆ. ಹಾಗಾದರೆ ಸೇರೂ ಒಂದೇ ಆದೀತು, ನನ್ನಂಥವರಿಗೆ ಬೆಲ್ಲದ ಮೊರೆ ಹೋಗುವ ಕಾರಣ ಉಳಿಯಲಿಕ್ಕಿಲ್ಲ. ಆದರೂ ಗೆಳೆಯರೇ, ತಮ್ಮ ಹರೆಯದ ಕಾಲದ ಎದುರಿಗೆ ಈಗಿನದನ್ನಿಟ್ಟು ತೂಗಿ ನೋಡುವ ಮುದುಕರ ಮಾತು ಕೇಳಿದಾಗ ನನಗೆ ಆ ಅಂಗಡಿಯ ಗೋಡೆ ನೆನಪಾಗುತ್ತದೆ. ಆ ಹಳೆಯ ಕಾಲವನ್ನೂ ದಿನಕ್ಕೊಂದು ಚೂರು ಮುರಿದು ಚಪ್ಪರಿಸುತ್ತಲೇ ಇರುತ್ತೇವೆ, ಆಮೇಲೆ ಅದನ್ನೇ ತೂಕದ ಕಲ್ಲೆಂದು ತಕ್ಕಡಿಗೆ ಇಡುತ್ತೇವೆ. ಪಾರಿಸಪ್ಪ ನನಗೆ ಕೊಡುಗೆಯಾಗಿ ಕಳಿಸಿದ ಒಂದು ಟೊಳ್ಳು ಪೆಂಟೆ ಮಾಡದಲ್ಲಿ ಕುಳಿತಿರುವುದು ಇದಕ್ಕಾಗಿಯೇ. ಹಳೆಯ ಬೆಲ್ಲ ಔಷಧಿಗೆ ಒಳ್ಳೆಯದೆಂದು ಗಂಗವ್ವ ಅದಕ್ಕೆ ಕಾವಲಿದ್ದಾಳೆ.

ಇಂದು ಬೆಳಿಗ್ಗೆ ಅವಳು ಹಿತ್ತಲಿಗೆ ಹೋದ ಹೊತ್ತು ನೋಡಿ, ತವರಿಗೆ ಬಂದ ನೀಲವ್ವನ ಮಗಳು, ಇನ್ನೂ ಎರಡು ತುಂಬದವಳು, ಎತ್ತಿಕೋ ಎಂದು ನನ್ನತ್ತ ತೋಳು ಚಾಚಿದಳು. ಎತ್ತಿಕೊಂಡೆ. ಆ ಹಸಿರು ಸೀರೆಯ ತುಂಡಿನಲ್ಲಿ ಹೊಲಿದ ಲಂಗ ಉಟ್ಟಿದ್ದಳು, ಅಂಚಿನಲ್ಲಿ ಆ ಹೊಳಪು ಇನ್ನೂ ಇತ್ತು. ಮಾಡದ ಹತ್ತಿರ ಬಂದಾಗ ಪೆಂಟೆಯ ಹಿಂದೆ ಕೈಹಾಕಿ, ಮೊಣಕೈವರೆಗೂ ಗುಹೆಯೊಳಗಿಳಿಸಿ, ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಇನ್ನೊಂದು ಚೂರನ್ನು ನನ್ನ ಬಾಯಿಗೆ ತುರುಕಿದಳು. ಹಿತ್ತಲ ಬಾಗಿಲು ಕಿರುಗುಟ್ಟಿತು. ನಾನು ಅವಳನ್ನು ಒಂದು ಕೈಯಲ್ಲಿ ಆತುಕೊಂಡು, ಇನ್ನೊಂದು ಕೈಯಿಂದ ಪೆಂಟೆಯ ಟೊಳ್ಳು ಮಗ್ಗುಲನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ.